ವಿಮಾನ ಬದಲಿಸಲು ಇಳಿದರೂ ಅನುಮತಿ ಬೇಕಾ?

ಪೆಸಿಫಿಕ್ ಸಾಗರದ ನಡುವೆ ಇರುವ ಟಹೀಟಿ ದ್ವೀಪ ಫ್ರಾನ್ಸ್‌ಗೆ ಸೇರಿದ್ದು. ಅಲ್ಲಿನ ಪಪೀಟೆಯಿಂದ ಪ್ಯಾರಿಸ್‌ಗೆ ಹೊರಡುವ ವಿಮಾನ ನಡುವೆ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತದೆ. ಸ್ವಲ್ಪ ಹೊತ್ತು ನಿಂತು ಮತ್ತೆ ಹಾರುತ್ತದೆ. ಹೊರಟ ಜಾಗವೂ ಫ್ರಾನ್ಸ್, ಸೇರುವ ಜಾಗವೂ ಫ್ರಾನ್ಸ್. ಕೈಯಲ್ಲಿರುವುದೂ ಫ್ರಾನ್ಸ್ ಪಾಸ್‌ಪೋರ್ಟೇ. ಆದರೂ ಅಮೆರಿಕದ ಅನುಮತಿ ಇಲ್ಲದಿದ್ದರೆ ಪಪೀಟೆಯಲ್ಲೇ ವಿಮಾನ ಹತ್ತಲು ಬಿಡುವುದಿಲ್ಲ. ತನ್ನದೇ ದೇಶದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಮೂರನೇ ದೇಶವನ್ನು ಕೇಳಬೇಕು.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಅಮೆರಿಕ ಬಾಗಿಲು ಬಿಗಿ ಮಾಡಿತು. ಆಗ ಏರ್ ಟಹೀಟಿ ನುಯಿ ಕಂಪನಿ ಲಾಸ್ ಏಂಜಲೀಸ್ ಬಿಟ್ಟು, ಪಪೀಟೆಯಿಂದ ಪ್ಯಾರಿಸ್‌ಗೆ ನೇರವಾಗಿ ಹಾರಿತು. 15,715 ಕಿಲೋಮೀಟರ್, ಹತ್ತಿರ ಹತ್ತಿರ 16 ಗಂಟೆ. ಒಂದೇ ದೇಶದೊಳಗಿನ ಅತಿ ಉದ್ದದ ವಿಮಾನ ಪ್ರಯಾಣ ಎಂಬ ದಾಖಲೆ ಅದಕ್ಕೆ ಸಿಕ್ಕಿತು. ನಡುವಿನ ಒಂದು ನಿಲ್ದಾಣ ಎಷ್ಟು ದೊಡ್ಡ ವಿಷಯ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ವಿದೇಶ ಪ್ರಯಾಣಕ್ಕೆ ಟಿಕೆಟ್ ಮಾಡುವಾಗ ನಾವು ಸಾಮಾನ್ಯವಾಗಿ ಹೋಗುವ ದೇಶದ ವೀಸಾ ಬಗ್ಗೆ ಮಾತ್ರ ಯೋಚಿಸುತ್ತೇವೆ. ನಡುವೆ ಎರಡು ಗಂಟೆ ನಿಲ್ಲುವ ದೇಶದ ನೆನಪೇ ಬರುವುದಿಲ್ಲ. ಏರ್‌ಪೋರ್ಟ್‌ನಿಂದ ಹೊರಗೆ ಹೋಗಲ್ಲ, ಅಂದಮೇಲೆ ವೀಸಾ ಯಾಕೆ ಅಂತ ಅಂದುಕೊಳ್ಳುತ್ತೇವೆ. ತಪ್ಪು ಶುರುವಾಗುವುದು ಇಲ್ಲೇ. ನಾನು ಏರ್‌ಪೋರ್ಟ್‌ನಿಂದ ಹೊರಗೆ ಹೋಗ್ತೀನಾ ಅನ್ನುವುದು ಸರಿಯಾದ ಪ್ರಶ್ನೆಯೇ ಅಲ್ಲ. ನಾನು ಆ ದೇಶದ ಇಮಿಗ್ರೇಷನ್ ಕೌಂಟರ್ ದಾಟ್ತೀನಾ ಅಂತ ಕೇಳಿಕೊಳ್ಳಬೇಕು. ಬಾಗಿಲಾಚೆ ಒಂದು ಹೆಜ್ಜೆ ಇಡದೆಯೂ ಆ ಕೌಂಟರ್ ದಾಟಬೇಕಾಗುವ ಸಂದರ್ಭಗಳು ಬೇಕಾದಷ್ಟಿವೆ. ಇನ್ನು ಕೆಲವು ದೇಶಗಳಿಗೆ ಈ ಪ್ರಶ್ನೆಯೂ ಸಾಲದು. ಕೌಂಟರ್ ದಾಟದಿದ್ದರೂ ಅಲ್ಲಿ ಅನುಮತಿ ಬೇಕು.

ಇದಕ್ಕೆ ವಿಮಾನ ನಿಲ್ದಾಣದ ಒಳಗಿನ ರಚನೆ ಗೊತ್ತಿರಬೇಕು. ವಿಮಾನ ಇಳಿದ ತಕ್ಷಣ ನಾವಿರುವ ಭಾಗಕ್ಕೆ ಏರ್‌ಸೈಡ್ ಎನ್ನುತ್ತಾರೆ. ಇಮಿಗ್ರೇಷನ್ ದಾಟಿದ ಮೇಲಿನದು ಲ್ಯಾಂಡ್‌ಸೈಡ್. ಲಗೇಜ್ ಬೆಲ್ಟ್, ಟ್ಯಾಕ್ಸಿ, ಹೋಟೆಲ್ ಎಲ್ಲ ಸಾಮಾನ್ಯವಾಗಿ ಗಡಿಯ ಆಚೆ ಬದಿಯಲ್ಲಿರುತ್ತವೆ. ದೊಡ್ಡ ನಿಲ್ದಾಣಗಳು ಏರ್‌ಸೈಡ್‌ನಲ್ಲೇ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾಡಿಕೊಟ್ಟಿವೆ. ಆ ದಾರಿಯಲ್ಲಿ ಹೋದರೆ ಕಾಗದದ ಲೆಕ್ಕದಲ್ಲಿ ನೀವು ಆ ದೇಶಕ್ಕೆ ಬಂದೇ ಇಲ್ಲ.

ಅಮೆರಿಕದಲ್ಲಿ ಇಂಥ ದಾರಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೊರದೇಶದಿಂದ ಬಂದ ವಿಮಾನದಿಂದ ಇಳಿದವರೆಲ್ಲ ಇಮಿಗ್ರೇಷನ್‌ಗೆ ಹೋಗಲೇಬೇಕು. ಮುಂದಿನ ವಿಮಾನ ಮೆಕ್ಸಿಕೋಗೆ ಇರಲಿ, ಜಪಾನ್‌ಗೆ ಇರಲಿ, ಮೊದಲು ಅಮೆರಿಕಕ್ಕೆ ಪ್ರವೇಶ ಪಡೆಯಬೇಕು. ಮುಂಚೆ ಹೀಗಿರಲಿಲ್ಲ. ವೀಸಾ ಇಲ್ಲದೆ ಹಾದುಹೋಗುವ ವ್ಯವಸ್ಥೆ ಅಲ್ಲೂ ಇತ್ತು. 2003ರ ಆಗಸ್ಟ್‌ನಲ್ಲಿ, ಭಯೋತ್ಪಾದಕರು ಅದನ್ನು ಬಳಸಿಕೊಳ್ಳಬಹುದೆಂಬ ಗುಪ್ತಚರ ಮಾಹಿತಿಯ ಮೇಲೆ ಅದನ್ನು ಅಮಾನತಿನಲ್ಲಿಟ್ಟರು. ಇಪ್ಪತ್ತು ವರ್ಷ ದಾಟಿದರೂ ಅದು ವಾಪಸ್ ಬಂದಿಲ್ಲ.

ಹಾಗಾಗಿ ಅಮೆರಿಕದ ಮೂಲಕ ಹಾದುಹೋಗುವವರಿಗೆ ಮುಖ್ಯವಾಗಿ ಎರಡು ದಾರಿ. ವೀಸಾ ವಿನಾಯಿತಿ ಇರುವ ದೇಶದವರು ಎಸ್ಟಾ ಎಂಬ ಆನ್‌ಲೈನ್ ಅನುಮತಿ ಪಡೆಯಬೇಕು. ಇದು 2009ರ ಜನವರಿಯಿಂದ ಕಡ್ಡಾಯ. ಶುಲ್ಕ 21 ಡಾಲರ್ ಇದ್ದದ್ದು 2025ರ ಸೆಪ್ಟೆಂಬರ್ ಕೊನೆಗೆ 40 ಡಾಲರ್ ಆಯಿತು. ಉಳಿದ ದೇಶದವರಿಗೆ ಸಿ-1 ಎಂಬ ಟ್ರಾನ್ಸಿಟ್ (ಹಾದುಹೋಗುವವರ) ವೀಸಾ ಬೇಕು, ಇಲ್ಲವೇ ಮೊದಲೇ ಪ್ರವಾಸಿ ವೀಸಾ ಇರಬೇಕು. ಸಿ-1 ಅಂದರೆ ಫಾರ್ಮ್, ಶುಲ್ಕ, ಸಾಮಾನ್ಯವಾಗಿ ರಾಯಭಾರ ಕಚೇರಿಯಲ್ಲಿ ಸಂದರ್ಶನ. ಎರಡು ಗಂಟೆ ಕುರ್ಚಿಯಲ್ಲಿ ಕೂರಲು ಇಷ್ಟೆಲ್ಲ ಬೇಕು.

ಎಸ್ಟಾ ಸಿಗುವ ದೇಶದವರೂ ನಿಶ್ಚಿಂತರಲ್ಲ. 2011ರ ಮಾರ್ಚ್ ನಂತರ ಇರಾನ್, ಇರಾಕ್, ಸಿರಿಯಾ, ಸುಡಾನ್, ಲಿಬಿಯಾ, ಸೊಮಾಲಿಯಾ, ಯೆಮನ್‌ಗೆ ಹೋಗಿಬಂದವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಎಸ್ಟಾ ಇಲ್ಲ. 2021ರ ಜನವರಿ ನಂತರ ಕ್ಯೂಬಾಗೆ ಹೋದವರಿಗೂ ಹೀಗೇ. 2022ರಲ್ಲಿ ಹವಾನಾದ ಸಮುದ್ರತೀರದಲ್ಲಿ ರಜೆ ಕಳೆದ ಒಬ್ಬ ಸ್ಪೇನ್ ಪ್ರಜೆಯನ್ನು ಊಹಿಸಿಕೊಳ್ಳಿ. ಅವರು ಈಗ ಮಯಾಮಿಯಲ್ಲಿ ಬರೀ ವಿಮಾನ ಬದಲಿಸಬೇಕೆಂದರೂ ಪೂರ್ತಿ ವೀಸಾ ಮಾಡಿಸಬೇಕು. ಟಿಕೆಟ್ ತೋರಿಸುವ ಯಾವ ಪುಟವೂ ನೀವು ಕ್ಯೂಬಾಗೆ ಹೋಗಿದ್ದೀರಾ ಅಂತ ಕೇಳುವುದಿಲ್ಲ, ಅಲ್ವಾ?

ಕೆನಡಾ ಸ್ವಲ್ಪ ಮೃದು, ಆದರೆ ದಾರಿ ಅದೇ. ವೀಸಾ ಬೇಡದ ದೇಶದವರು ವಿಮಾನ ಬದಲಿಸಲು ಹೋದರೂ ಇಟಿಎ ಎಂಬ ಆನ್‌ಲೈನ್ ಅನುಮತಿ ಪಡೆಯಬೇಕು. 7 ಕೆನಡಿಯನ್ ಡಾಲರ್, ಐದು ವರ್ಷದ ಅವಧಿ. ಮಧ್ಯೆ ಪಾಸ್‌ಪೋರ್ಟ್ ಅವಧಿ ಮುಗಿದರೆ ಇಟಿಎಯೂ ಮುಗಿಯುತ್ತದೆ. ಅಮೆರಿಕದ ಪ್ರಜೆಗಳಿಗೆ ಇದು ಬೇಡ. ವೀಸಾ ಬೇಕಾದ ದೇಶದವರಿಗೆ ಟ್ರಾನ್ಸಿಟ್ ವೀಸಾ ಉಚಿತ, 48 ಗಂಟೆ ಒಳಗೆ ಹಾದುಹೋಗಬೇಕು. ಉಚಿತ ಅಂದ ಮಾತ್ರಕ್ಕೆ ಸುಲಭ ಅಂತಲ್ಲ. ಅರ್ಜಿ ಹಾಕಬೇಕು, ಕಾಯಬೇಕು.

ಬ್ರಿಟನ್‌ನಲ್ಲಿ ಆದ ಬದಲಾವಣೆ ಸ್ವಲ್ಪ ವಿವರವಾಗಿ ಹೇಳಬೇಕಾದ ವಿಷಯ. ಈ ನಿಯಮಗಳು ಆಕಾಶದಿಂದ ಇಳಿದು ಬಂದವಲ್ಲ, ಯಾರೋ ಕೂತು ಮಾಡಿದ ಆಯ್ಕೆಗಳು ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಬ್ರಿಟನ್ ತನ್ನ ಇಟಿಎಯನ್ನು 2023ರ ನವೆಂಬರ್‌ನಲ್ಲಿ ಕತಾರ್ ಪ್ರಜೆಗಳಿಂದ ಶುರು ಮಾಡಿತು. ಆಮೇಲೆ ಕೊಲ್ಲಿಯ ಇತರ ದೇಶಗಳು ಸೇರಿದವು. 2025ರ ಜನವರಿ 8ರಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶದವರಿಗೆ, ಏಪ್ರಿಲ್ 2ರಿಂದ ಯುರೋಪಿನವರಿಗೆ ಅನ್ವಯವಾಯಿತು. ಶುಲ್ಕ ಮೊದಲು 10 ಪೌಂಡ್, ಆ ಏಪ್ರಿಲ್‌ನಲ್ಲೇ 16 ಪೌಂಡ್ ಆಯಿತು. ಶುರುವಿನ ನಿಯಮದ ಪ್ರಕಾರ ಏರ್‌ಸೈಡ್‌ನಲ್ಲೇ ವಿಮಾನ ಬದಲಿಸುವವರಿಗೂ ಇಟಿಎ ಬೇಕಿತ್ತು.

ವಿಮಾನ ಕಂಪನಿಗಳು ಮತ್ತು ಲಂಡನ್‌ನ ಹೀಥ್ರೋ ನಿಲ್ದಾಣ ಇದನ್ನು ಬಲವಾಗಿ ವಿರೋಧಿಸಿದವು. ಅವರ ವಾದ ಸರಳ. ಹಾದುಹೋಗುವವನಿಗೆ ಲಂಡನ್ನೇ ಆಗಬೇಕೆಂದಿಲ್ಲ. ಆಮ್‌ಸ್ಟರ್‌ಡ್ಯಾಂ, ಫ್ರಾಂಕ್‌ಫರ್ಟ್, ಇಸ್ತಾಂಬುಲ್, ದುಬೈ ಎಲ್ಲವೂ ಇವೆ. ಒಂದು ಫಾರ್ಮ್ ಜಾಸ್ತಿ ಆದರೂ ಅವನು ಬೇರೆ ದಾರಿ ಹಿಡಿಯುತ್ತಾನೆ. ದೂರದ ಊರುಗಳಿಗೆ ಹೋಗುವ ಎಷ್ಟೋ ವಿಮಾನಗಳು ತುಂಬುವುದು ಹೀಗೆ ಹಾದುಹೋಗುವವರಿಂದಲೇ. ಅವರು ತಪ್ಪಿದರೆ ಆ ಮಾರ್ಗವೇ ನಷ್ಟಕ್ಕೆ ಬೀಳುತ್ತದೆ.

ಸರ್ಕಾರ ಕೇಳಿಸಿಕೊಂಡಿತು. 2025ರ ಜನವರಿ 16ರಿಂದ ಏರ್‌ಸೈಡ್ ಪ್ರಯಾಣಿಕರಿಗೆ ಇಟಿಎಯಿಂದ ವಿನಾಯಿತಿ ಕೊಟ್ಟಿತು, ತಾತ್ಕಾಲಿಕ ಎಂಬ ಮಾತಿನೊಂದಿಗೆ. ಹೊಸ ನಿಯಮ ವಿಸ್ತರಣೆಯಾಗಿ ಎಂಟೇ ದಿನ ಆಗಿತ್ತು. ಈ ವಿನಾಯಿತಿ ನಿಜವಾಗಿ ಉಪಯೋಗಕ್ಕೆ ಬರುವುದು ಹೀಥ್ರೋ ಮತ್ತು ಮ್ಯಾಂಚೆಸ್ಟರ್‌ನಲ್ಲಿ ಮಾತ್ರ. ಏರ್‌ಸೈಡ್‌ನಲ್ಲೇ ಬದಲಿಸುವ ವ್ಯವಸ್ಥೆ ಇರುವುದು ಅಲ್ಲಷ್ಟೇ. ಲಂಡನ್‌ನ ಇನ್ನೊಂದು ನಿಲ್ದಾಣ ಗ್ಯಾಟ್‌ವಿಕ್‌ನಲ್ಲಿ ಬದಲಿಸಿದರೆ ಗಡಿ ದಾಟಬೇಕು, ಆಗ ಇಟಿಎ ಬೇಕು. ಹೀಥ್ರೋಗೆ ಬಂದು ಗ್ಯಾಟ್‌ವಿಕ್‌ನಿಂದ ಹಾರುವವರಿಗೂ ಅಷ್ಟೇ. 2026ರ ಫೆಬ್ರವರಿ 25ರಿಂದ ಇದರ ಪಾಲನೆ ಬಿಗಿಯಾಗಿದೆ. ಅನುಮತಿ ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲ.

ಆದರೆ ವಿನಾಯಿತಿ ಸಿಕ್ಕಿದ್ದು ಯಾರಿಗೆ ಅಂತ ನೋಡಿ. ವೀಸಾ ಬೇಡದ ದೇಶದವರಿಗೆ. ವೀಸಾ ಬೇಕಾದ ಹಲವು ದೇಶದವರಿಗೆ ಏರ್‌ಸೈಡ್‌ನಲ್ಲಿ ಕೂರಲೂ ಬೇರೆ ಟ್ರಾನ್ಸಿಟ್ ವೀಸಾ ಬೇಕು. ಆ ನಿಯಮಕ್ಕೆ ಎಂಟು ದಿನದಲ್ಲಿ ವಿನಾಯಿತಿ ಬರಲಿಲ್ಲ. ಅವರ ಪರವಾಗಿ ಅಷ್ಟು ಜೋರಾಗಿ ಮಾತಾಡುವವರು ಇಲ್ಲ. ಇಬ್ಬರೂ ಒಂದೇ ಕಾರಿಡಾರ್‌ನಲ್ಲಿ ನಡೆಯುತ್ತಾರೆ, ಒಂದೇ ಗೇಟ್‌ನಲ್ಲಿ ಕಾಯುತ್ತಾರೆ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ.

ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯುರೋಪ್ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿ ಈ ವಿಂಗಡಣೆ ಬರವಣಿಗೆಯಲ್ಲೇ ಇದೆ. 2009ರ ವೀಸಾ ಸಂಹಿತೆಯ ಪಟ್ಟಿಯಲ್ಲಿ 12 ದೇಶಗಳಿವೆ: ಅಫ್ಘಾನಿಸ್ತಾನ, ಬಾಂಗ್ಲಾದೇಶ, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ, ಎರಿಟ್ರಿಯಾ, ಇಥಿಯೋಪಿಯಾ, ಘಾನಾ, ಇರಾನ್, ಇರಾಕ್, ನೈಜೀರಿಯಾ, ಪಾಕಿಸ್ತಾನ, ಸೊಮಾಲಿಯಾ, ಶ್ರೀಲಂಕಾ. ಈ ದೇಶದವರಿಗೆ ಷೆಂಗೆನ್‌ನ ಯಾವ ನಿಲ್ದಾಣದಲ್ಲಿ ವಿಮಾನ ಬದಲಿಸಲೂ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಬೇಕು. ಇದರ ಮೇಲೆ ಪ್ರತಿ ಸದಸ್ಯ ದೇಶವೂ ತನ್ನದೇ ಹೆಚ್ಚುವರಿ ಪಟ್ಟಿ ಮಾಡಿಕೊಳ್ಳಬಹುದು. ಅದಕ್ಕೇ ಒಂದೇ ಪಾಸ್‌ಪೋರ್ಟ್‌ಗೆ ಒಂದು ನಗರದಲ್ಲಿ ವೀಸಾ ಬೇಕು, ಪಕ್ಕದ ದೇಶದಲ್ಲಿ ಬೇಡ ಎನ್ನುವಂತೆ ಆಗುತ್ತದೆ. ಅಮೆರಿಕ, ಕೆನಡಾ ಅಥವಾ ಜಪಾನ್‌ನ ಚಾಲ್ತಿ ವೀಸಾ ಇದ್ದವರಿಗೆ ಈ ಟ್ರಾನ್ಸಿಟ್ ವೀಸಾದಿಂದ ವಿನಾಯಿತಿ ಇದೆ. ಶ್ರೀಮಂತ ದೇಶವೊಂದು ನಿಮ್ಮನ್ನು ಮೊದಲೇ ಒಪ್ಪಿಕೊಂಡಿದ್ದರೆ ಇನ್ನೊಂದೂ ಒಪ್ಪುತ್ತದೆ, ಅಷ್ಟೇ.

ಆ ಹನ್ನೆರಡರಲ್ಲಿ ಎಷ್ಟು ದೇಶಗಳು ಯುದ್ಧ, ದಂಗೆ, ದಬ್ಬಾಳಿಕೆ ಕಂಡಿವೆ ನೋಡಿ. ಟ್ರಾನ್ಸಿಟ್‌ನಲ್ಲಿ ಇಳಿದವರು ಅಲ್ಲೇ ಆಶ್ರಯ ಕೇಳಬಹುದು ಅನ್ನುವುದು ಸರ್ಕಾರಗಳ ಹಳೆಯ ಚಿಂತೆ. 1992ರಲ್ಲಿ ಸೊಮಾಲಿಯಾದ ನಾಲ್ವರು ಒಡಹುಟ್ಟಿದವರು ಪ್ಯಾರಿಸ್‌ನ ಓರ್ಲಿ ನಿಲ್ದಾಣದಲ್ಲಿ ಇಳಿದರು. ಫ್ರಾನ್ಸ್ ಅವರನ್ನು 20 ದಿನ ಅಂತರರಾಷ್ಟ್ರೀಯ ವಲಯದಲ್ಲಿ ಇಟ್ಟು, ಆಮೇಲೆ ವಾಪಸ್ ಕಳಿಸಿತು. ಅದು ಫ್ರಾನ್ಸ್ ನೆಲವಲ್ಲ ಎಂಬಂತೆ ನಡೆದುಕೊಂಡಿತು. 1996ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹೆಸರು ಅಂತರರಾಷ್ಟ್ರೀಯ ಎಂದಿದ್ದರೂ ಆ ಜಾಗ ಫ್ರಾನ್ಸ್ ಕಾನೂನಿನ ಒಳಗೇ ಇದೆ ಎಂದಿತು. ನೆಲ ತನ್ನದು ಎಂದ ಮೇಲೆ ಹೊಣೆಯೂ ತನ್ನದಾಗುತ್ತದೆ. ಜನ ಆ ನೆಲಕ್ಕೆ ಬರದಂತೆ ಹೊರಟ ಊರಲ್ಲೇ ತಡೆಯುವ ಕೆಲಸವನ್ನು ಟ್ರಾನ್ಸಿಟ್ ವೀಸಾ ಮಾಡುತ್ತದೆ.

ಷೆಂಗೆನ್‌ನಲ್ಲಿ ಇನ್ನೊಂದು ಬಲೆ ಇದೆ. ತುಂಬಾ ಜನ ಇದರಲ್ಲಿ ಸಿಕ್ಕಿಬೀಳುತ್ತಾರೆ. ನೈರೋಬಿಯಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಮ್ಯಾಡ್ರಿಡ್, ಅಲ್ಲಿಂದ ಬೊಗೊಟಾ ಎಂಬ ಟಿಕೆಟ್ ಇದೆ ಅಂದುಕೊಳ್ಳಿ. ನೋಡಲು ಎರಡು ಟ್ರಾನ್ಸಿಟ್ ಅಷ್ಟೇ. ಆದರೆ ಫ್ರಾಂಕ್‌ಫರ್ಟ್‌ನಿಂದ ಮ್ಯಾಡ್ರಿಡ್‌ಗೆ ಹೋಗುವುದು ಷೆಂಗೆನ್ ಲೆಕ್ಕದಲ್ಲಿ ಒಳಗಿನ ಪ್ರಯಾಣ. ಅದಕ್ಕೆ ಫ್ರಾಂಕ್‌ಫರ್ಟ್‌ನಲ್ಲೇ ಗಡಿ ದಾಟಬೇಕು. ಷೆಂಗೆನ್ ವೀಸಾ ಬೇಕಾದ ದೇಶದವರಿಗೆ ಆಗ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಸಾಲದು, ಪೂರ್ತಿ ಷೆಂಗೆನ್ ವೀಸಾ ಬೇಕು. ಇದೇ ಪ್ರಯಾಣದಲ್ಲಿ ಒಂದೇ ಷೆಂಗೆನ್ ನಿಲ್ದಾಣ ಇದ್ದಿದ್ದರೆ ಎಷ್ಟೋ ಜನಕ್ಕೆ ಯಾವ ವೀಸಾನೂ ಬೇಕಾಗುತ್ತಿರಲಿಲ್ಲ. ಸ್ವಲ್ಪ ಅಗ್ಗ ಅಂತ ಎರಡು ನಿಲ್ದಾಣದ ಟಿಕೆಟ್ ಒತ್ತಿದವರು ಇದನ್ನು ಹೇಗೆ ಊಹಿಸಬೇಕು?

ಬೇರೆಡೆಯ ನಿಯಮಗಳೂ ಒಂದೊಂದು ತರ. ನ್ಯೂಜಿಲೆಂಡ್‌ನಲ್ಲಿ 2019ರ ಅಕ್ಟೋಬರ್‌ನಿಂದ ಆಕ್ಲೆಂಡ್‌ನಲ್ಲಿ ಹಾದುಹೋಗುವವರಿಗೂ ಎನ್‌ಝಡ್‌ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು, ಕೆಲವರಿಗೆ ಟ್ರಾನ್ಸಿಟ್ ವೀಸಾನೇ ಬೇಕು. ಆಸ್ಟ್ರೇಲಿಯಾದಲ್ಲಿ ಕೆಲವು ದೇಶದವರು 8 ಗಂಟೆಯೊಳಗೆ ಹೊರಟುಬಿಡುವಂತಿದ್ದರೆ ವೀಸಾ ಬೇಡ, ಉಳಿದವರಿಗೆ ಉಚಿತ ಟ್ರಾನ್ಸಿಟ್ ವೀಸಾ. ಚೀನಾ ಮಾತ್ರ ಉಲ್ಟಾ ದಿಕ್ಕಿನಲ್ಲಿ ಹೋಗುತ್ತಿದೆ. 2024ರ ಡಿಸೆಂಬರ್‌ನಲ್ಲಿ ಅದು 50ಕ್ಕೂ ಹೆಚ್ಚು ದೇಶದವರಿಗೆ ವೀಸಾ ಇಲ್ಲದ ಟ್ರಾನ್ಸಿಟ್ ಅವಧಿಯನ್ನು 240 ಗಂಟೆಗೆ ಏರಿಸಿತು. ಹಾದುಹೋಗುವವನು ಹತ್ತು ದಿನ ಊರು ನೋಡಿ ಹೋಗಲಿ ಎಂಬ ಲೆಕ್ಕ. ಒಂದು ಷರತ್ತು ಮರೆಯಬಾರದು: ಬಂದ ದೇಶಕ್ಕೇ ವಾಪಸ್ ಹೋಗುವಂತಿಲ್ಲ, ಮೂರನೇ ದೇಶ ಅಥವಾ ಪ್ರದೇಶಕ್ಕೆ ಹೋಗಬೇಕು. ಟೋಕಿಯೋ, ಶಾಂಘೈ, ಬ್ಯಾಂಕಾಕ್ ಆದರೆ ಸರಿ. ಟೋಕಿಯೋ, ಶಾಂಘೈ, ಮತ್ತೆ ಟೋಕಿಯೋ ಆದರೆ ಅದು ಟ್ರಾನ್ಸಿಟ್ ಅಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ಒಂದೇ ಟಿಕೆಟ್‌ನಲ್ಲಿ ಹೋಗುವವರ ಮಾತು. ಜಾಸ್ತಿ ತೊಂದರೆ ಆಗುವುದು ಎರಡು ಪ್ರತ್ಯೇಕ ಟಿಕೆಟ್ ತೆಗೆದುಕೊಂಡವರಿಗೆ. ಎರಡು ಕಂಪನಿಗಳ ಅಗ್ಗದ ಟಿಕೆಟ್‌ಗಳನ್ನು ಜೋಡಿಸಿ ಒಂದೇ ಪ್ರಯಾಣದ ತರ ತೋರಿಸುವ ಸೈಟ್‌ಗಳು ಈಗ ಬೇಕಾದಷ್ಟಿವೆ. ಒಂದೇ ಟಿಕೆಟ್ ಆದರೆ ಲಗೇಜ್ ಸಾಮಾನ್ಯವಾಗಿ ಕೊನೆಯ ಊರಿನವರೆಗೆ ಹೋಗುತ್ತದೆ, ಬೋರ್ಡಿಂಗ್ ಪಾಸ್ ಮೊದಲೇ ಸಿಗುತ್ತದೆ. ಎರಡು ಟಿಕೆಟ್ ಆದರೆ ಮೊದಲ ಕಂಪನಿಗೆ ನಿಮ್ಮ ಪ್ರಯಾಣ ನಡುವಿನ ಊರಲ್ಲೇ ಮುಗಿಯಿತು. ಲಗೇಜ್ ಅಲ್ಲೇ ಬೆಲ್ಟ್ ಮೇಲೆ ಬರುತ್ತದೆ. ಆ ಬೆಲ್ಟ್ ಇಮಿಗ್ರೇಷನ್ ಆಚೆ ಇದೆ. ಅದನ್ನು ತೆಗೆದುಕೊಂಡು, ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಅಂದರೆ ನೀವು ಆ ದೇಶವನ್ನು ಪ್ರವೇಶಿಸಬೇಕು.

ಈಗ ಮೊದಲ ಕಂಪನಿಯ ಚೆಕ್-ಇನ್ ಕೌಂಟರ್‌ನಲ್ಲಿ ನಿಂತಿದ್ದೀರಿ. ಅವರು ಪರದೆಯಲ್ಲಿ ನೋಡುವುದು ತಮ್ಮ ಟಿಕೆಟ್ಟನ್ನು. ಅವರ ಪಾಲಿಗೆ ನೀವು ಹೋಗುತ್ತಿರುವುದೇ ಆ ನಡುವಿನ ದೇಶಕ್ಕೆ. ಅಲ್ಲಿನ ಪ್ರವೇಶ ವೀಸಾ ಎಲ್ಲಿ ಅಂತ ಕೇಳುತ್ತಾರೆ. ಮುಂದಿನ ಟಿಕೆಟ್ ತೋರಿಸಿದರೂ ಕೆಲವೊಮ್ಮೆ ಒಪ್ಪುವುದಿಲ್ಲ. ಕೈಚೀಲ ಮಾತ್ರ ಇದ್ದರೆ, ಎರಡನೇ ಬೋರ್ಡಿಂಗ್ ಪಾಸ್ ಆನ್‌ಲೈನ್‌ನಲ್ಲೇ ಪಡೆದಿದ್ದರೆ, ಏರ್‌ಸೈಡ್ ದಾರಿ ಇದ್ದರೆ ಕೆಲವು ನಿಲ್ದಾಣಗಳಲ್ಲಿ ಸಾಗಬಹುದು. ಅದನ್ನು ನಂಬಿಕೊಂಡು ಹೊರಡಬೇಡಿ ಅಂತಲೇ ನಾನು ಹೇಳುತ್ತೇನೆ.

ಕೌಂಟರ್‌ನಲ್ಲಿರುವವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಗಡಿ ಕಾಯುವ ಕೆಲಸವನ್ನು ಸರ್ಕಾರಗಳು ಅವರ ಹೆಗಲಿಗೆ ಹಾಕಿವೆ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೆ ದಂಡ. ಬ್ರಿಟನ್‌ನಲ್ಲಿ ಒಬ್ಬ ಪ್ರಯಾಣಿಕನಿಗೆ 2,000 ಪೌಂಡ್. ಐರೋಪ್ಯ ಒಕ್ಕೂಟದ 2001ರ ನಿರ್ದೇಶನದ ಪ್ರಕಾರ ಸದಸ್ಯ ದೇಶಗಳು ತಲೆಗೆ ಕನಿಷ್ಠ 3,000 ಯೂರೋ ದಂಡ ಇಡಬೇಕು, ಇಲ್ಲವೇ ಗರಿಷ್ಠ ದಂಡವನ್ನು 5,000 ಯೂರೋಗೆ ಕಡಿಮೆ ಇಲ್ಲದಂತೆ ನಿಗದಿ ಮಾಡಬೇಕು. ಒಳಗೆ ಬಿಡದವರನ್ನು ವಾಪಸ್ ಕರೆದೊಯ್ಯುವ ಹೊಣೆಯೂ ಕಂಪನಿಯದ್ದೇ. ಸಿಬ್ಬಂದಿ ಟಿಮ್ಯಾಟಿಕ್ ಎಂಬ ದತ್ತಾಂಶ ನೋಡಿ ತೀರ್ಮಾನಿಸುತ್ತಾರೆ. ವಿಮಾನ ಕಂಪನಿಗಳ ಸಂಘಟನೆ ಐಯಾಟಾ ನಡೆಸುವ ಅದರಲ್ಲಿ ಪಾಸ್‌ಪೋರ್ಟ್, ಹೊರಡುವ ಊರು, ನಡುವಿನ ಊರು, ಸೇರುವ ಊರು ಹಾಕಿದರೆ ಏನು ಬೇಕೆಂದು ಬರುತ್ತದೆ. ಅನುಮಾನ ಬಂದರೆ ಬೇಡ ಅನ್ನುವುದೇ ಸಿಬ್ಬಂದಿಗೆ ಸುರಕ್ಷಿತ. ತಪ್ಪಾಗಿ ಹತ್ತಿಸಿದರೆ ದಂಡ ಖಚಿತ. ತಪ್ಪಾಗಿ ತಡೆದಾಗ ಹಾಗೆ ಕೈಯಲ್ಲಿ ದಂಡದ ರಸೀದಿ ಹಿಡಿದು ಯಾರೂ ಕಾಯುತ್ತಿರುವುದಿಲ್ಲ.

ನನ್ನ ದೂರು ಇರುವುದು ಇಲ್ಲಿ. ಇಷ್ಟು ಮಾಹಿತಿ ಒಂದು ಪರದೆಯಲ್ಲಿ ಸಿಗುತ್ತದೆ ಅಂದಮೇಲೆ ಅದು ಪ್ರಯಾಣದ ದಿನ ಕೌಂಟರ್‌ನಲ್ಲಿ ಮಾತ್ರ ಯಾಕೆ ಕಾಣಬೇಕು? ಟಿಕೆಟ್ ಮಾರುವ ಪುಟಕ್ಕೆ ನಮ್ಮ ದಾರಿ ಗೊತ್ತು. ಎಷ್ಟೋ ಸಲ ಪಾಸ್‌ಪೋರ್ಟ್ ಯಾವ ದೇಶದ್ದು ಅಂತಲೂ ನಾವೇ ತುಂಬಿರುತ್ತೇವೆ. ಸೀಟ್ ಬೇಕಾ, ವಿಮೆ ಬೇಕಾ, ಕಾರು ಬೇಕಾ ಅಂತ ಹತ್ತು ಸಲ ಕೇಳುತ್ತಾರೆ. ಈ ದಾರಿಯಲ್ಲಿ ನಿಮಗೆ ಟ್ರಾನ್ಸಿಟ್ ವೀಸಾ ಬೇಕಾಗಬಹುದು ಎಂಬ ಒಂದು ಸಾಲನ್ನು ಹಣ ಕಟ್ಟುವ ಮೊದಲೇ ದೊಡ್ಡದಾಗಿ ತೋರಿಸಲು ಏನು ಕಷ್ಟ? ದಾಖಲೆ ಪ್ರಯಾಣಿಕನ ಜವಾಬ್ದಾರಿ ಎಂದು ಷರತ್ತುಗಳ ಯಾವುದೋ ಮೂಲೆಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಹತ್ತಲು ಬಿಡದಿದ್ದರೆ ಆ ಟಿಕೆಟ್ ಹಣ ಸಾಮಾನ್ಯವಾಗಿ ಹೋದಂತೆಯೇ. ಪ್ರತ್ಯೇಕ ಟಿಕೆಟ್‌ಗಳನ್ನು ಜೋಡಿಸಿ ಮಾರುವವರಿಗಂತೂ ಈ ಎಚ್ಚರಿಕೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಬೇಕು.

ಅಲ್ಲಿವರೆಗೆ ನಾವೇ ನೋಡಿಕೊಳ್ಳಬೇಕು. ಟಿಕೆಟ್ ಮಾಡುವ ಮೊದಲು ನಡುವಿನ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ. ಒಂದೇ ಬುಕಿಂಗ್‌ನಲ್ಲಿದೆಯೇ, ಲಗೇಜ್ ಎಲ್ಲಿವರೆಗೆ ಹೋಗುತ್ತದೆ, ಇಳಿಯುವ ಮತ್ತು ಹತ್ತುವ ನಿಲ್ದಾಣ ಒಂದೇನಾ ಅಂತ ಕೇಳಿ. ಟರ್ಮಿನಲ್ ಬದಲಾದರೆ ಏರ್‌ಸೈಡ್‌ನಲ್ಲೇ ಹೋಗಬಹುದಾ ಅಂತಲೂ ಕೇಳಿ. ಎಸ್ಟಾ, ಇಟಿಎ ಅಂತ ಹುಡುಕಿದರೆ ಮೊದಲು ಬರುವ ಪುಟ ಎಷ್ಟೋ ಸಲ ಖಾಸಗಿಯವರದ್ದಾಗಿರುತ್ತದೆ. ಅದೇ ಫಾರ್ಮ್ ತುಂಬಿಕೊಡಲು ಹಲವು ಪಟ್ಟು ಹಣ ಕೀಳುತ್ತಾರೆ. ಈ ಅನುಮತಿಗಳು ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತವೆ, ಹೊಸ ಪಾಸ್‌ಪೋರ್ಟ್ ಬಂದರೆ ಹೊಸದಾಗಿ ಪಡೆಯಬೇಕು. ಹೆಚ್ಚಿನವು ನಿಮಿಷಗಳಲ್ಲಿ ಬರುತ್ತವೆ ನಿಜ. ಆದರೂ ಎಸ್ಟಾಗೆ 72 ಗಂಟೆ ಮುಂಚೆ, ಬ್ರಿಟನ್ ಇಟಿಎಗೆ ಮೂರು ಕೆಲಸದ ದಿನ ಮುಂಚೆ ಅರ್ಜಿ ಹಾಕಿ ಎಂದು ಆ ಸರ್ಕಾರಗಳೇ ಹೇಳುತ್ತವೆ.

ಯುರೋಪಿನ ಎಟಿಯಾಸ್ ಎಂಬ ಇಂಥದ್ದೇ ಆನ್‌ಲೈನ್ ಅನುಮತಿ ಕೂಡ ಬರಲಿದೆ. 2026ರ ಕೊನೆಯ ಮೂರು ತಿಂಗಳಲ್ಲಿ ಶುರು ಮಾಡುವುದಾಗಿ ಐರೋಪ್ಯ ಒಕ್ಕೂಟ ಹೇಳಿದೆ. ಶುಲ್ಕ 20 ಯೂರೋ. ಅಂತರರಾಷ್ಟ್ರೀಯ ವಲಯದಲ್ಲೇ ವಿಮಾನ ಬದಲಿಸುವವರಿಗೆ ಅದು ಬೇಡ. ಗಡಿ ದಾಟಿದರೆ ಬೇಕು. ಮತ್ತೆ ಅದೇ ಗೆರೆ.

ಎಲ್ಲ ಸರಿಯಾಗಿ ಮಾಡಿಕೊಂಡು ಹೊರಟರೂ ಆ ಗೆರೆ ಎದುರಾಗುವ ಒಂದು ರಾತ್ರಿ ಬರಬಹುದು. ವಿಮಾನ ತಡವಾಗುತ್ತದೆ, ಮುಂದಿನದು ತಪ್ಪುತ್ತದೆ, ಇನ್ನು ಬೆಳಿಗ್ಗೆಯೇ. ಕಂಪನಿ ಎಲ್ಲರಿಗೂ ಹೋಟೆಲ್ ಚೀಟಿ ಕೊಡುತ್ತದೆ. ಹೋಟೆಲ್ ಇರುವುದು ಇಮಿಗ್ರೇಷನ್ ಆಚೆ. ವೀಸಾ ಬೇಡದ ಪಾಸ್‌ಪೋರ್ಟ್‌ನವರು ಬಸ್ ಹತ್ತಿ ಹೋಗುತ್ತಾರೆ. ಉಳಿದವರು, ಕೆಲವರು ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು, ಗೇಟ್ ಪಕ್ಕದ ಕುರ್ಚಿಗಳಲ್ಲಿ ಬೆಳಗು ಮಾಡುತ್ತಾರೆ. ಅವರ ಕೈಯಲ್ಲೂ ಅದೇ ಹೋಟೆಲ್ ಚೀಟಿ ಇರುತ್ತದೆ.